ಛಾಯಾಚಿತ್ರದಲ್ಲಿ ಸ್ವಭಾವೋಕ್ತಿ

ಅಲಂಕಾರಶಾಸ್ತ್ರವನ್ನು ಓದಿದವರಿಗೆ ಸ್ವಭಾವೋಕ್ತಿಯನ್ನು ಕುರಿತ ವಿವಾದವು ಹೊಸದಲ್ಲ. ಇದ್ದುದನ್ನು ಇದ್ದಂತೆಯೇ ಹೇಳಿದರೆ ಅದು ಕಾವ್ಯವಾದೀತೆ ಎಂಬುದು ಆ ವಿವಾದದ ತಿರುಳು. ದಂಡಿಯು ತನ್ನ ಕಾವ್ಯಾದರ್ಶದಲ್ಲಿ ಅರ್ಥಾಲಂಕಾರಗಳನ್ನು ನಿರೂಪಿಸತೊಡಗಿದಾಗ ಅಗ್ರಸ್ಥಾನವನ್ನು ಸ್ವಭಾವೋಕ್ತಿಗೇ ಕೊಟ್ಟನು. ಅದಕ್ಕೆ ‘ಜಾತಿ’ ಎಂಬ ಮತ್ತೊಂದು ಹೆಸರನ್ನೂ ಹೇಳಿದನು. ಶಾಸ್ತ್ರಗಳಲ್ಲೆಲ್ಲ ಇದರದೇ ಆಳ್ವಿಕೆಯೆಂದೂ ಕಾವ್ಯದಲ್ಲಿಯೂ ಇದು ಬಯಸತಕ್ಕದ್ದೆಂದೂ ಅಭಿಪ್ರಾಯಪಟ್ಟನು. ಕುಂತಕನಿಗೆ ಇದು ಸಮ್ಮತವಾಗಲಿಲ್ಲ. ಸ್ವಭಾವವಿಲ್ಲದ ವಸ್ತುವನ್ನು ಕುರಿತು ಮಾತನಾಡುವುದೇ ಅಸಾಧ್ಯವಾಗಿರಲು, ಆ ಸ್ವಭಾವವೇ ಆಭರಣವಾದರೆ ಆಭರಣವನ್ನು ತೊಡುವ ಮೈ ಯಾವುದು ಎಂಬುದು ಅವನ ಆಕ್ಷೇಪ. ಇದಕ್ಕೆ ಮಹಿಮಭಟ್ಟನು ವ್ಯಕ್ತಿವಿವೇಕದಲ್ಲಿ ಸೂಕ್ಷ್ಮವಾದ ಸಮಾಧಾನವೊಂದನ್ನು ಕೊಟ್ಟಿದ್ದಾನೆ. ಪ್ರತಿಯೊಂದು ವಸ್ತುವಿಗೂ ಎರಡು ರೂಪಗಳುಂಟು: ಒಂದು ಸಾಮಾನ್ಯ, ಮತ್ತೊಂದು ವಿಶೇಷ. ಲೋಕದ ಮಾತು ಮುಟ್ಟುವುದು ಸಾಮಾನ್ಯವನ್ನು ಮಾತ್ರ; ವಿಶೇಷವಾದರೋ ಪ್ರತ್ಯಕ್ಷಕ್ಕೆ ಗೋಚರವಾಗತಕ್ಕದ್ದು, ಮಾತಿನಲ್ಲಿ ಪ್ರತಿಭಾವಂತನಾದ ಕವಿಗೆ ಮಾತ್ರ ದಕ್ಕತಕ್ಕದ್ದು. ಆ ವಿಶೇಷವು ಕಣ್ಣಿಗೆ ಕಟ್ಟುವಂತೆ ಬಂದರೆ ಅದು ಸ್ವಭಾವೋಕ್ತಿ. ಬಾರದಿದ್ದರೆ ಅದು ಬರಿಯ ವರದಿ.

ಈ ಚರ್ಚೆಯು ತಾಳೆಗರಿಗಳಲ್ಲಿಯೇ ಮುಗಿದುಹೋಯಿತೆಂದು ಭಾವಿಸಬೇಕಾಗಿಲ್ಲ. 1839ರಲ್ಲಿ ಯೂರೋಪಿನಲ್ಲಿ ಪ್ರಕಟವಾದ ಛಾಯಾಗ್ರಹಣವಿದ್ಯೆಯು ಬಹು ಬೇಗ ಭರತಖಂಡಕ್ಕೂ ಬಂದಿತು. 1854ರಲ್ಲಿ ಬೊಂಬಾಯಿಯಲ್ಲಿಯೂ 1856ರಲ್ಲಿ ಕಲ್ಕತ್ತ ಮತ್ತು ಮದರಾಸುಗಳಲ್ಲಿಯೂ ಈ ವಿದ್ಯೆಗಾಗಿ ಸಂಘಗಳು ಹುಟ್ಟಿಕೊಂಡವು. ಇದ್ದುದನ್ನು ಇದ್ದಂತೆ ಹಿಡಿಯುವುದರಲ್ಲಿ ಇದಕ್ಕೆ ಸಮಾನವಾದ ಸಾಧನವು ಹಿಂದೆ ಮನುಷ್ಯನ ಕೈಯಲ್ಲಿ ಇರಲಿಲ್ಲ. ಆದಕಾರಣ ಕುಂತಕನ ಪ್ರಶ್ನೆಯು ಇಲ್ಲಿ ಇನ್ನಷ್ಟು ತೀಕ್ಷ್ಣವಾಗಿ ಏಳುತ್ತದೆ. ನೀರು ಸೇದುವ ಹೆಂಗಸು, ಮಡಕೆ ತಟ್ಟುವ ಕುಂಬಾರ, ಸಂತೆಗೆ ನಡೆದ ಎತ್ತಿನ ಗಾಡಿ, ಜಗಲಿಯ ಮೇಲೆ ಕುಳಿತ ಮುದುಕ, ಇವುಗಳ ಮೇಲೆ ಬಿದ್ದ ಬೆಳಕನ್ನು ಯಂತ್ರವು ಗ್ರಹಿಸಿಕೊಟ್ಟರೆ ಅದರಲ್ಲಿ ಕಲೆಯೆಲ್ಲಿಯದು, ಪ್ರತಿಭೆಯೆಲ್ಲಿಯದು?

ಇದು ಪೂರ್ವಪಕ್ಷ. ಸಮಾಧಾನವು ಕಷ್ಟದ್ದಲ್ಲ. ಯಂತ್ರವು ತಾನು ಎಲ್ಲಿ ನಿಲ್ಲಬೇಕೆಂಬುದನ್ನು ಅರಿಯದು. ಯಾವ ಕ್ಷಣದಲ್ಲಿ ಕಣ್ಣು ತೆರೆಯಬೇಕೆಂಬುದನ್ನು ಅರಿಯದು. ಚೌಕಟ್ಟಿನೊಳಗೆ ಯಾರನ್ನು ಕರೆಯಬೇಕು, ಯಾರನ್ನು ಹೊರಗೆ ಬಿಡಬೇಕು ಎಂಬುದನ್ನೂ ಅರಿಯದು. ಇವೆಲ್ಲವೂ ಅದನ್ನು ಹಿಡಿದವನ ಕೆಲಸ. ಕಂಟದಿಂದ ಕಾವ್ಯವನ್ನೂ ಬರೆಯಬಹುದು, ಸಾಲಪತ್ರವನ್ನೂ ಬರೆಯಬಹುದು. ಅದರಿಂದ ಕಂಟಕ್ಕೆ ಹಿರಿಮೆಯೂ ಇಲ್ಲ, ಕುಂದೂ ಇಲ್ಲ. ಹೀಗಿರುವುದರಿಂದ ನಿತ್ಯಜೀವನದ ಛಾಯಾಚಿತ್ರಗಳನ್ನು ವಿಮರ್ಶಿಸಲು ಪ್ರಾಚೀನರ ಮಾನದಂಡವೇ ಸಾಲುತ್ತದೆ: ಇಲ್ಲಿ ಕಂಡುಬರುವುದು ಸಾಮಾನ್ಯವೋ ವಿಶೇಷವೋ?

ಈ ಮಾನದಂಡಕ್ಕೆ ಮೊದಲು ಒಡ್ಡಬೇಕಾದುದು ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಬೃಹದ್ಗ್ರಂಥ. ಫೋರ್ಬ್ಸ್ ವಾಟ್ಸನ್ ಮತ್ತು ಜಾನ್ ವಿಲಿಯಂ ಕೇ ಎಂಬಿಬ್ಬರು ಸಂಪಾದಿಸಿದ ಈ ಗ್ರಂಥವು 1868ರಿಂದ 1875ರ ವರೆಗೆ 8 ಸಂಪುಟಗಳಲ್ಲಿ ಹೊರಬಂದಿತು; ಅದರಲ್ಲಿ 468 ಛಾಯಾಚಿತ್ರಗಳಿದ್ದವು. ವೈಸರಾಯ್ ಆಗಿದ್ದ ಕ್ಯಾನಿಂಗ್ ದಂಪತಿಗಳ ಕುತೂಹಲದಿಂದ ಆರಂಭವಾದ ಸಂಗ್ರಹವು 1857ರ ಕ್ರಾಂತಿಯ ಬಳಿಕ ಸರಕಾರದ ಕಾರ್ಯವಾಗಿ ಬೆಳೆಯಿತು. ಪ್ರಜೆಗಳು ಯಾರೆಂಬುದನ್ನು ತಿಳಿಯದೆ ಆಳುವುದು ಅಪಾಯಕರವೆಂದು ಆಳುವವರಿಗೆ ತೋರಿದ ಕಾಲವದು. ಪಟದ ಜೊತೆಗೆ ಒಂದು ವಿವರಣೆ. ಆ ವಿವರಣೆಯಲ್ಲಿ ಇಂಥ ಕುಲದವರು ವಿಧೇಯರು, ಇಂಥವರು ಕಳ್ಳರು, ಇಂಥವರನ್ನು ನಂಬಲಾಗದು ಎಂಬಂತಹ ನಿರ್ಣಯಗಳು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಕ್ಯಾಮೆರಾದ ಮುಂದೆ ಕುಳಿತಿದ್ದವನು ಒಬ್ಬ ವಿಶೇಷವ್ಯಕ್ತಿ. ಅವನಿಗೆ ಒಂದು ಮನೆಯಿತ್ತು, ಒಂದು ಹೆಸರಿತ್ತು, ಆ ಹೊತ್ತಿನಲ್ಲಿ ಮನಸ್ಸಿನಲ್ಲಿ ಏನೋ ಒಂದು ಚಿಂತೆಯಿತ್ತು. ಬೆಳಕು ಅವೆಲ್ಲವನ್ನೂ ಪ್ರಾಮಾಣಿಕವಾಗಿಯೇ ಹಿಡಿದಿರಿಸಿತು. ಆದರೆ ಪಟದ ಕೆಳಗೆ ಬರೆದ ಎರಡು ಪದಗಳು ಅವನ ಹೆಸರನ್ನು ಅಳಿಸಿ ಕುಲದ ಹೆಸರನ್ನು ಇಟ್ಟುವು. ವಿಶೇಷವಾಗಿ ಬಂದವನು ಸಾಮಾನ್ಯವಾಗಿ ಹೊರಟುಹೋದನು. ದಂಡಿಯು ಹೇಳಿದ ‘ಜಾತಿ’ ಬೇರೆ, ಈ ಗ್ರಂಥವು ಹಿಡಿದ ಜಾತಿ ಬೇರೆ. ಮೊದಲನೆಯದು ವಸ್ತುವು ತನ್ನ ಬಾಳನ್ನು ಬಾಳುತ್ತಿರುವಾಗಿನ ಸಹಜರೂಪ. ಎರಡನೆಯದು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿಟ್ಟ ಚೀಟಿ.

ಇದರ ಫಲವನ್ನು ಅನುಭವಿಸಿದವರುಂಟು. ಸಯ್ಯದ್ ಅಹಮದ್ ಖಾನರು 1869ರಲ್ಲಿ ಮಕ್ಕಳೊಡನೆ ಲಂಡನ್ನಿಗೆ ಹೋಗಿದ್ದಾಗ ಇಂಡಿಯಾ ಕಚೇರಿಯಲ್ಲಿ ಈ ಗ್ರಂಥವನ್ನು ನೋಡಿದರು. ಅವರ ಮಗ ಮಹಮೂದರು ಪಟಗಳನ್ನು ತಿರುವಿಹಾಕುತ್ತಿದ್ದಾಗ ಆಂಗ್ಲ ತರುಣನೊಬ್ಬನು ಬಂದು, ತಾವು ಹಿಂದೂಸ್ಥಾನದವರೇ ಎಂದು ಕೇಳಿದನಂತೆ. ಮಹಮೂದರು ಹೌದೆಂದರು, ಆದರೆ ಮುಖ ಕೆಂಪೇರಿತು, ತಾವು ಅಲ್ಲಿಯ ಮೂಲನಿವಾಸಿಗಳಲ್ಲವೆಂದೂ ಪೂರ್ವಿಕರು ಹೊರಗಿನಿಂದ ಬಂದವರೆಂದೂ ಒಡನೆಯೇ ಸೇರಿಸಿದರು. ಈ ಪ್ರಸಂಗವನ್ನು ತಂದೆಯೇ ಬರೆದಿಟ್ಟಿದ್ದಾರೆ. ವಿದ್ಯಾವಂತನಾದ ತರುಣನೊಬ್ಬನು ತನ್ನ ನಾಡಿನ ಜನರೊಡನೆ ತನಗೆ ಸಂಬಂಧವಿಲ್ಲವೆಂದು ಹೇಳಿಕೊಳ್ಳುವಂತೆ ಮಾಡುವ ಶಕ್ತಿಯು ಒಂದು ಚಿತ್ರಸಂಪುಟಕ್ಕೆ ಇದ್ದಿತೆಂದ ಮೇಲೆ, ನಿತ್ಯಜೀವನದ ಚಿತ್ರಗ್ರಹಣವನ್ನು ಬರಿಯ ವಿನೋದವೆಂದು ತಳ್ಳಿಹಾಕಲಾಗದು.

ಇದಕ್ಕಿಂತ ಕಠಿನವಾದ ಪರೀಕ್ಷೆಯು ಕ್ಷಾಮಕಾಲದ್ದು. 1876ರಿಂದ 1878ರ ವರೆಗೆ ದಕ್ಷಿಣದೇಶವನ್ನು ಸುಟ್ಟ ಬರವನ್ನು ಕನ್ನಡಿಗರು ಧಾತು ಈಶ್ವರದ ಬರವೆಂದು ನೆನೆಯುತ್ತಾರೆ. ಮೈಸೂರು ಸಂಸ್ಥಾನದ ಜನಸಂಖ್ಯೆಯು 1871ರಲ್ಲಿ ಸುಮಾರು 50 ಲಕ್ಷವಿದ್ದುದು 1881ರ ಗಣತಿಯ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ಕ್ಷಾಮವನ್ನು ಮದರಾಸು ಪ್ರಾಂತದಲ್ಲಿ ಪಟ ತೆಗೆದವನು ಹೂಪರ್ ಎಂಬ ಸೇನಾಧಿಕಾರಿ. ಮೇಲೆ ಹೇಳಿದ ಗ್ರಂಥಕ್ಕೂ ಪಟಗಳನ್ನು ಒದಗಿಸಿದ್ದವನು. ಅವನ ಪಟಗಳಲ್ಲಿ ಎಲುಬಿನ ಗೂಡಾದ ಗಂಡಸರು, ಹೆಂಗಸರು, ಮಕ್ಕಳು ಮದುವೆಮನೆಯ ಗುಂಪುಚಿತ್ರದಲ್ಲಿ ಕುಳಿತಂತೆ ಸಾಲಾಗಿ ಕುಳಿತಿದ್ದಾರೆ. ಕುಳಿತರೆಂಬುದಕ್ಕಿಂತ ಕೂರಿಸಲ್ಪಟ್ಟರೆಂಬುದೇ ಸರಿ. ಪಟ ತೆಗೆದವನು ಅವರಿಗೆ ಅನ್ನವಿಕ್ಕಿದನೇ ಎಂಬ ಪ್ರಶ್ನೆಯನ್ನೆತ್ತಿ ಸಮಕಾಲೀನರೇ ಅವನನ್ನು ಲೇವಡಿ ಮಾಡಿದರು. ಈ ಪಟಗಳಿಲ್ಲದಿದ್ದರೆ ಆ ಘೋರವು ಇಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲವೆಂಬುದನ್ನು ಒಪ್ಪಬೇಕು. ಆದರೂ ನೋಡುವವನ ಕರುಣೆ ಅಲ್ಲಿ ನಿಂತಲ್ಲಿಯೇ ನಿಲ್ಲುತ್ತದೆ. ಏಕೆಂದರೆ ಆ ಜನರು ಹಸಿವಿನ ಮಾದರಿಗಳಾಗಿ ಕಾಣುತ್ತಾರೆಯೇ ಹೊರತು ಹಸಿದವರಾಗಿ ಕಾಣುವುದಿಲ್ಲ.

1943ರಲ್ಲಿ ವಂಗದೇಶಕ್ಕೆ ಕ್ಷಾಮ ಬಂದಾಗ ಸುನೀಲ್ ಜಾನಾ ಎಂಬ ತರುಣರು ಕ್ಯಾಮೆರಾ ಹಿಡಿದು ಹಳ್ಳಿಗಳಿಗೆ ನಡೆದರು. ಜೊತೆಯಲ್ಲಿ ಪಿ. ಸಿ. ಜೋಶಿಯವರೂ ಚಿತ್ರಕಾರರಾದ ಚಿತ್ತಪ್ರಸಾದರೂ ಇದ್ದರು. ಆ ಪಟಗಳು ‘ಪೀಪಲ್ಸ್ ವಾರ್’ ಪತ್ರಿಕೆಯಲ್ಲಿ ಅಚ್ಚಾದವು. ಪರಿಹಾರಕ್ಕಾಗಿ ಜನರನ್ನು ಎಬ್ಬಿಸುವುದೇ ಅವುಗಳ ಉದ್ದೇಶ. ಸುಮಾರು 30 ಲಕ್ಷ ಜನರನ್ನು ನುಂಗಿತೆಂದು ಸಾಮಾನ್ಯವಾಗಿ ಎಣಿಸಲಾಗುವ ಆ ಕ್ಷಾಮದ ಮುಖವು ಇಂದಿಗೂ ಕಣ್ಣ ಮುಂದೆ ಬರುವುದು ಜಾನಾ ಅವರ ಪಟಗಳ ಮೂಲಕವೇ. ವಿಷಯವು ಒಂದೇ, ಯಂತ್ರವೂ ಹೆಚ್ಚು ಕಡಿಮೆ ಒಂದೇ. ಆದರೆ ನಿಂತ ಸ್ಥಳ ಬೇರೆ. ಹೂಪರನು ಆಳುವವನ ಕಡೆಯಿಂದ ನೋಡಿದನು. ಜಾನಾ ಸಾಯುತ್ತಿದ್ದವರ ಬಂಧುವಿನ ಕಡೆಯಿಂದ ನೋಡಿದರು. ರಸವಿಚಾರದಲ್ಲಿ ಬೀಭತ್ಸಕ್ಕೂ ಕರುಣಕ್ಕೂ ಇರುವ ಅಂತರವು ಇದೇ. ಮೊದಲನೆಯದರಲ್ಲಿ ಮನಸ್ಸು ಹಿಂಜರಿಯುತ್ತದೆ, ಎರಡನೆಯದರಲ್ಲಿ ಕರಗುತ್ತದೆ.

ಬರ ಪ್ಲೇಗುಗಳು ದಿನವೂ ಬರುವುವಲ್ಲ. ಏನೂ ನಡೆಯದ ದಿನವನ್ನು ಚಿತ್ರಿಸುವುದು ಇನ್ನೂ ಕಷ್ಟ. ದಂಡಿಯು ಸ್ವಭಾವೋಕ್ತಿಯನ್ನು ಜಾತಿ, ಕ್ರಿಯೆ, ಗುಣ, ದ್ರವ್ಯ ಎಂದು ನಾಲ್ಕಾಗಿ ವಿಂಗಡಿಸಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಪಟಗಳಲ್ಲಿ ಕ್ರಿಯೆಗೆ ಎಡೆಯೇ ಇರಲಿಲ್ಲ. ಗಾಜಿನ ಫಲಕದ ಮೇಲೆ ರೂಪವು ಮೂಡಲು ಹೊತ್ತು ಹಿಡಿಯುತ್ತಿದ್ದುದರಿಂದ ಕುಳಿತವರು ಅಲುಗದೆ ಇರಬೇಕಾಗಿತ್ತು. ನೂಲುವವಳು ರಾಟೆಯ ಮುಂದೆ ನೂಲದೆ ಕುಳಿತಳು; ಕಮ್ಮಾರನು ಎತ್ತಿದ ಸುತ್ತಿಗೆಯನ್ನು ಇಳಿಸದೆ ನಿಂತನು. ಸಣ್ಣ ಕ್ಯಾಮೆರಾವೂ ಚುರುಕಾದ ಫಿಲ್ಮೂ ಬಂದ ಮೇಲೆ ಕ್ರಿಯೆಯು ಪಟದೊಳಗೆ ಬಂದಿತು.

ಈ ಬದಲಾವಣೆಯ ಫಲವು ಫ್ರಾನ್ಸಿನ ಕಾರ್ತಿಯೇ-ಬ್ರೆಸೋನ್ ಅವರ ಭಾರತಚಿತ್ರಗಳಲ್ಲಿ ಕಾಣುತ್ತದೆ. 1948ರಲ್ಲಿ ಶ್ರೀನಗರದ ಹರಿಪರ್ವತದ ಇಳಿಜಾರಿನಲ್ಲಿ ಅವರು ತೆಗೆದ ಪಟವೊಂದು ಪ್ರಸಿದ್ಧವಾಗಿದೆ. ಮುಸಲ್ಮಾನ ಸ್ತ್ರೀಯರು ನಮಗೆ ಬೆನ್ನು ತೋರಿಸಿ ಇದ್ದಾರೆ. ಒಬ್ಬಳು ನಿಂತು ಅಂಗೈಗಳನ್ನು ಎತ್ತಿದ್ದಾಳೆ. ಎದುರಿಗೆ ಕಣಿವೆ, ಬೆಟ್ಟ, ಮೋಡ. ಮುಖಗಳೇ ಇಲ್ಲದ ಈ ಪಟದಲ್ಲಿ ಪ್ರಾರ್ಥನೆ ಎಂಬ ಕ್ರಿಯೆಯು ಪೂರ್ಣವಾಗಿ ಬಂದಿದೆ. ರಾಜಸ್ಥಾನದವರಾದ ರಘುವೀರ ಸಿಂಗರು 1967ರಲ್ಲಿ ಬಿಹಾರದ ಮುಂಗೇರಿನಲ್ಲಿ, ಮುಂಗಾರಿನ ಮಳೆಗೆ ಸಿಕ್ಕಿ ಒಬ್ಬರನ್ನೊಬ್ಬರು ಒತ್ತಿ ನಿಂತ ಸ್ತ್ರೀಯರನ್ನು ವರ್ಣಚಿತ್ರವಾಗಿ ತೆಗೆದರು. ಕಲೆಯೆಂದರೆ ಕಪ್ಪುಬಿಳುಪೇ ಎಂದು ಪಶ್ಚಿಮದೇಶಗಳ ದೊಡ್ಡವರು ನಂಬಿದ್ದ ಕಾಲದಲ್ಲಿ, ಬಣ್ಣವನ್ನು ಬಿಟ್ಟರೆ ಭಾರತವೇ ಬಿಟ್ಟುಹೋಗುತ್ತದೆ ಎಂಬ ನಿಲುವನ್ನು ಅವರು ಕೊನೆಯ ವರೆಗೂ ಹಿಡಿದರು. ದಂಡಿಯ ಮಾತಿನಲ್ಲಿ ಹೇಳುವುದಾದರೆ ಅವರದು ಗುಣಸ್ವಭಾವೋಕ್ತಿ. ಅರಿಸಿನ, ಕುಂಕುಮ, ನೀಲಿ ಇವು ಅವರ ಪಟಗಳಲ್ಲಿ ಮೇಲೆ ಬಳಿದ ಬಣ್ಣಗಳಲ್ಲ. ಬದುಕಿನ ಒಳಗಿನಿಂದಲೇ ಬಂದವು.

ಕನ್ನಡನಾಡಿಗೆ ಈ ವಿಷಯದಲ್ಲಿ ಹೆಮ್ಮೆಪಡಲು ಕಾರಣವುಂಟು. ಮೈಸೂರಿನಲ್ಲಿ 1923ರಲ್ಲಿ ಜನಿಸಿ, 2009ರಲ್ಲಿ ಅಲ್ಲಿಯೇ ತೀರಿಕೊಂಡ ಟಿ. ಎಸ್. ಸತ್ಯನ್ ಅವರು ಅರ್ಧಶತಮಾನಕ್ಕೂ ಮಿಕ್ಕಿ ಸಾಮಾನ್ಯ ಜನರ ದಿನಚರಿಯನ್ನೇ ತಮ್ಮ ವಸ್ತುವಾಗಿ ಮಾಡಿಕೊಂಡವರು. ಡೆಕ್ಕನ್ ಹೆರಾಲ್ಡ್, ಇಲ್ಲಸ್ಟ್ರೇಟೆಡ್ ವೀಕ್ಲಿ ಪತ್ರಿಕೆಗಳಲ್ಲಿ ದುಡಿದು, ಬಳಿಕ ಸ್ವತಂತ್ರರಾಗಿ, ವಿಶ್ವ ಆರೋಗ್ಯ ಸಂಸ್ಥೆಗೂ ಯುನಿಸೆಫಿಗೂ ಪಟಗಳನ್ನು ತೆಗೆದುಕೊಟ್ಟರು. 1977ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಭವನದಲ್ಲಿ ಪ್ರದರ್ಶಿತವಾದವು.

ಮಮ್ಮಟನು ಸ್ವಭಾವೋಕ್ತಿಗೆ ಲಕ್ಷಣ ಹೇಳುವಾಗ ಮಕ್ಕಳನ್ನೇ ಮೊದಲು ನೆನೆದು, ಅವರೇ ಮೊದಲಾದವರಿಗೆ ಸ್ವಂತವಾದ ಕ್ರಿಯೆ ಮತ್ತು ರೂಪಗಳ ವರ್ಣನೆಯೇ ಆ ಅಲಂಕಾರವೆಂದಿದ್ದಾನೆ. ಇದರಲ್ಲಿ ‘ಸ್ವಂತವಾದ’ ಎಂಬುದು ಮುಖ್ಯ. ದೊಡ್ಡವರು ಕ್ಯಾಮೆರಾ ಕಂಡೊಡನೆ ಮುಖಕ್ಕೊಂದು ಮುಖವನ್ನು ತೊಡುತ್ತಾರೆ. ಮಕ್ಕಳು ಎರಡು ನಿಮಿಷ ನಾಚಿ, ಮೂರನೆಯ ನಿಮಿಷಕ್ಕೆ ತಮ್ಮ ಆಟಕ್ಕೆ ಹಿಂದಿರುಗುತ್ತಾರೆ. ಆ ಮೂರನೆಯ ನಿಮಿಷದ ವರೆಗೆ ಕಾಯುವ ತಾಳ್ಮೆಯೇ ಸತ್ಯನ್ ಅವರ ಕಲೆಯ ಮೂಲಧನ. ಅವರ ಪಟಗಳಲ್ಲಿ ಬಡತನವು ಮರೆಯಾಗಿಲ್ಲ. ಹರಿದ ಅಂಗಿಯೂ ಧೂಳು ಹಿಡಿದ ಕಾಲೂ ಇದ್ದಲ್ಲಿಯೇ ಇವೆ. ಆದರೆ ನೋಡುವವನ ಕಣ್ಣು ಮೊದಲು ಮಗುವನ್ನು ಸೇರಿ ಅನಂತರ ಅಂಗಿಯನ್ನು ಸೇರುತ್ತದೆ. ಇದೇ ಔಚಿತ್ಯ. ಕಣ್ಣು ಮೊದಲು ಹರಕನ್ನು ಸೇರುವಂತೆ ತೆಗೆದ ಪಟಗಳು ದೇಶದಲ್ಲಿ ಬೇಕಾದಷ್ಟಿವೆ.

ಅವರ ಕೃತಿಯಲ್ಲಿ ಕೊರತೆಯೇ ಇಲ್ಲವೆಂದು ಹೇಳಿದರೆ ವಿಮರ್ಶೆಯು ಸ್ತೋತ್ರವಾಗುತ್ತದೆ. ಸೇವಾಸಂಸ್ಥೆಗಳಿಗೆ ಬೇಕಾಗುವುದು ಭರವಸೆ. ಭರವಸೆಯನ್ನು ಬೇಡುವವರಿಗಾಗಿ ತೆಗೆದ ಪಟಗಳನ್ನು ಒಂದರ ಮೇಲೊಂದರಂತೆ ನೋಡುತ್ತ ಹೋದಾಗ ಮಾಧುರ್ಯವು ತುಸು ಅತಿಯಾಯಿತೆಂದು ತೋರುವುದುಂಟು. ಕೋಪಕ್ಕೆ ಅಲ್ಲಿ ಎಡೆ ಕಡಿಮೆ. 1984ರ ಭೋಪಾಲದ ವಿಷಾನಿಲದ ಬಳಿಕ, ಮಣ್ಣಿನಲ್ಲಿ ಅರ್ಧ ಮುಚ್ಚಿದ ಹಸುಳೆಯ ತೆರೆದ ಕಣ್ಣುಗಳನ್ನೂ ಅದರ ಮುಖದ ಮೇಲೆ ಆಡುವ ಕೈಯನ್ನೂ ರಘು ರಾಯ್ ಅವರು ತೆಗೆದ ಪಟವನ್ನು ಇದರ ಪಕ್ಕದಲ್ಲಿಟ್ಟರೆ ಭೇದವು ತಿಳಿಯುತ್ತದೆ. ಆ ಮಗುವಿನ ಹೆಸರು ಲೋಕಕ್ಕೆ ತಿಳಿಯದು. ಆ ಅಜ್ಞಾತತೆಯೇ ಅಲ್ಲಿ ಆಪಾದನೆಯಾಗಿ ನಿಲ್ಲುತ್ತದೆ. ಆದರೂ ದಿನದಿನದ ಬಾಳಿಗೆ ಕೋಪವೊಂದೇ ಸ್ಥಾಯಿಯಾಗಲಾರದು. ಸಂಜೆಯ ಆಟವನ್ನೂ ಶಾಲೆಯ ಹಾದಿಯನ್ನೂ ಅವುಗಳ ಯೋಗ್ಯತೆಗೆ ತಕ್ಕಂತೆ ಕಾಣಲು ಬೇರೊಂದು ಕಣ್ಣು ಬೇಕು. ಅದು ಸತ್ಯನ್ ಅವರಿಗೆ ಇದ್ದಿತು. ಅವರು ಕನ್ನಡದಲ್ಲಿ ಬರೆದ ಪುಸ್ತಕಕ್ಕೆ ‘ಕಾಲಕ್ಕೆ ಕನ್ನಡಿ’ ಎಂದು ಹೆಸರು. ಕನ್ನಡಿಯು ತನ್ನನ್ನು ತೋರಿಸಿಕೊಳ್ಳುವುದಿಲ್ಲವೆಂಬ ಅರ್ಥವೂ ಆ ಹೆಸರಿನಲ್ಲಿ ಅಡಗಿದೆ.

ಶಾಸ್ತ್ರಗಳಲ್ಲಿ ಸ್ವಭಾವೋಕ್ತಿಯದೇ ಆಳ್ವಿಕೆಯೆಂಬ ದಂಡಿಯ ಅಭಿಪ್ರಾಯಕ್ಕೆ ಉದಾಹರಣೆಯನ್ನು ಬಯಸುವವರು ಬರೋಡೆಯ ಜ್ಯೋತಿ ಭಟ್ಟರ ಕೆಲಸವನ್ನು ನೋಡಬೇಕು. ಚಿತ್ರಕಾರರಾದ ಇವರು 1967ರಿಂದ ಮೊದಲುಗೊಂಡು ಗುಜರಾತ, ರಾಜಸ್ಥಾನ ಮೊದಲಾದ ಕಡೆಗಳ ಹಳ್ಳಿಗಳನ್ನು ಸುತ್ತಿ, ಮಣ್ಣಿನ ಗೋಡೆಯ ಮೇಲಿನ ಚಿತ್ರಗಳನ್ನೂ ಅಂಗಳದ ರಂಗವಲ್ಲಿಗಳನ್ನೂ ಪಟಗಳಲ್ಲಿ ಸಂಗ್ರಹಿಸಿದರು. ಬೆಳಗ್ಗೆ ಇಟ್ಟು ಸಂಜೆಗೆ ಅಳಿಸಿಹೋಗುವ ರಂಗವಲ್ಲಿಯನ್ನು ಬೇರಾವ ಶಾಸನವೂ ಕಾಯಲಾರದು. ಅವರ ಪಟಗಳಲ್ಲಿ ಗಮನಿಸತಕ್ಕ ಅಂಶವೆಂದರೆ, ಗೋಡೆಯ ಚಿತ್ರದ ಜೊತೆಗೆ ಅನೇಕ ವೇಳೆ ಅದನ್ನು ಬರೆದ ಹೆಂಗಸೂ ಅದರ ಮುಂದೆ ಆಡುವ ಮಗುವೂ ಇರುತ್ತಾರೆ. ಶಾಸ್ತ್ರಕ್ಕೆ ಬೇಕಾದುದು ಗೋಡೆ ಮಾತ್ರ. ಆ ಹೆಂಗಸು ನಿಂತೊಡನೆ ಶಾಸ್ತ್ರವು ಕಾವ್ಯವಾಗುತ್ತದೆ. ‘ದಿ ಪೀಪಲ್ ಆಫ್ ಇಂಡಿಯಾ’ ಗ್ರಂಥದಲ್ಲಿ ಇಲ್ಲದಿದ್ದುದು ಇದೇ.

ಈಗಿನ ಸ್ಥಿತಿ ಇನ್ನೊಂದು ಬಗೆಯದು. ಕ್ಯಾಮೆರಾವು ಮೊಬೈಲಿನ ರೂಪದಲ್ಲಿ ಎಲ್ಲರ ಜೇಬಿಗೂ ಬಂದಿದೆ. ಒಂದು ಕಾಲದಲ್ಲಿ ಪಟ ತೆಗೆಸಿಕೊಂಡರೆ ಆಯಸ್ಸು ಕುಗ್ಗುವುದೆಂದು ಅಂಜುತ್ತಿದ್ದ ಜನರ ಮೊಮ್ಮಕ್ಕಳು ದಿನಕ್ಕೆ ಹತ್ತು ಸಲ ತಮ್ಮ ಪಟವನ್ನು ತಾವೇ ತೆಗೆದುಕೊಳ್ಳುತ್ತಾರೆ. ನೋಡುವವನು ಬೇರೆ, ನೋಡಿಸಿಕೊಳ್ಳುವವನು ಬೇರೆ ಎಂಬ ಹಳೆಯ ಅನ್ಯಾಯವು ಇದರಿಂದ ಎಷ್ಟೋ ತಗ್ಗಿದೆ. ಕೂಲಿಯವನ ಮಗಳು ತನ್ನ ತಂದೆಯ ಪಟವನ್ನು ತಾನು ಬಯಸಿದಂತೆ ತೆಗೆಯಬಲ್ಲಳು. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಹಳೆಯ ರೋಗವು ಪೂರ್ತಿಯಾಗಿ ಗುಣವಾಗಿಲ್ಲ. ಜಾತ್ರೆಯಲ್ಲಿ ಸ್ನಾನಮಾಡುವ ಹೆಂಗಸು, ದೇವಸ್ಥಾನದ ಬಾಗಿಲಿನ ಭಿಕ್ಷುಕ, ಬೀದಿಯಲ್ಲಿ ಮಲಗಿದವನು, ಇವರನ್ನು ಕೇಳದೆ ಪಟ ತೆಗೆದು ಊರೂರಿಗೆ ಹಂಚುವುದನ್ನು ಕಲೆಯೆಂದು ತಿಳಿದವರು ಹೆಚ್ಚಿದ್ದಾರೆ. ಅನ್ನದ ಪೊಟ್ಟಣ ಕೊಡುವಾಗ ಪಡೆಯುವವನ ಮುಖವನ್ನು ಕ್ಯಾಮೆರಾದ ಕಡೆಗೆ ತಿರುಗಿಸುವ ದಾನಿಯೂ ಹೂಪರನ ವಂಶದವನೇ.

ಈ ದೋಷವನ್ನು ಅಳೆಯಲು ದೊಡ್ಡ ಸಿದ್ಧಾಂತವು ಬೇಕಾಗಿಲ್ಲ. ಮೂರು ಪ್ರಶ್ನೆಗಳು ಸಾಕು. ಪಟದಲ್ಲಿರುವವನನ್ನು ಅವನ ನೆರೆಯವರು ನೋಡಿದರೆ, ಇವನು ನಮ್ಮ ಇಂಥವನೇ ಎಂದು ಗುರುತಿಸುವರೆ, ಅಥವಾ ಇವನಾರೋ ಬಡವನೆನ್ನುವರೆ? ಇದು ವಿಶೇಷದ ಪರೀಕ್ಷೆ. ಆ ಹೊತ್ತಿನಲ್ಲಿ ಆ ಸ್ಥಳದಲ್ಲಿ ಹೊರಗಿನವನ ಕಣ್ಣು ಇರಬಹುದಾಗಿತ್ತೆ? ಇದು ಔಚಿತ್ಯದ ಪರೀಕ್ಷೆ. ಆ ಪಟವನ್ನು ಅವನ ಕೈಗೇ ಕೊಟ್ಟರೆ ಅವನು ಅದನ್ನು ಗೋಡೆಗೆ ತೂಗುಹಾಕುವನೆ? ಇದು ಸಹೃದಯತೆಯ ಪರೀಕ್ಷೆ. ಮೂರನೆಯದು ಎಲ್ಲಕ್ಕಿಂತ ಕಠಿನ. ಭೋಪಾಲದ ಹಸುಳೆಯ ಪಟವನ್ನು ಯಾವ ತಾಯಿಯೂ ಗೋಡೆಗೆ ಹಾಕಲಾರಳಲ್ಲ ಎಂಬ ಆಕ್ಷೇಪವು ಇಲ್ಲಿ ಬರಬಹುದು. ನಿಜ, ಮಹಾವಿಪತ್ತಿನಲ್ಲಿ ಸಾಕ್ಷ್ಯವೇ ಧರ್ಮವಾಗುವುದರಿಂದ ಅದು ಅಪವಾದ. ಅಪವಾದವನ್ನು ನಿತ್ಯವಿಧಿಯನ್ನಾಗಿ ಮಾಡಿಕೊಳ್ಳುವುದೇ ತಪ್ಪು.

ಕಡೆಯದಾಗಿ, ಮನೆಮನೆಯ ಪಟಗಳ ವಿಚಾರ. ದೇಶದ ನಿತ್ಯಜೀವನದ ನಿಜವಾದ ಭಂಡಾರವು ವಸ್ತುಸಂಗ್ರಹಾಲಯಗಳಿಗಿಂತ ಹೆಚ್ಚಾಗಿ ಹಳೆಯ ಮನೆಗಳ ಟ್ರಂಕುಗಳಲ್ಲಿಯೂ ನಡುಮನೆಯ ಗೋಡೆಗಳ ಮೇಲೂ ಇದೆ. ಸ್ಟುಡಿಯೋದ ಬಣ್ಣದ ಪರದೆಯ ಮುಂದೆ ಕುರ್ಚಿ ಹಾಕಿ ಕುಳಿತ ಹಿರಿಯರ ಪಟಗಳನ್ನು ಕಂಡು ಇಂದಿನವರು ನಗುವುದುಂಟು. ಆದರೆ ಆ ಬಿಗುಪಿನಲ್ಲಿ ಒಂದು ಮರ್ಯಾದೆಯಿತ್ತು. ತಾವು ಲೋಕಕ್ಕೆ ಹೇಗೆ ಕಾಣಬೇಕೆಂಬುದನ್ನು ಅವರೇ ನಿಶ್ಚಯಿಸಿ, ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆಯನ್ನು ಉಟ್ಟು ಬಂದಿದ್ದರು. ಅಂಥ ಗುಂಪುಚಿತ್ರಗಳ ಅಂಚಿನಲ್ಲಿ ಅನೇಕ ವೇಳೆ ಅರ್ಧ ಕಾಣುವಂತೆ ಒಬ್ಬಳು ನಿಂತಿರುತ್ತಾಳೆ: ಮನೆಗೆಲಸದವಳೋ, ಮಗುವನ್ನೆತ್ತಿಕೊಳ್ಳಲು ಬಂದವಳೋ. ಯಜಮಾನರ ಹೆಸರು, ಹುದ್ದೆ, ಬಿರುದುಗಳು ಪಟದ ಕೆಳಗೆ ಅಚ್ಚಾಗಿರುತ್ತವೆ. ಆಕೆಯ ಹೆಸರನ್ನು ಬಲ್ಲವರು ಮನೆಯಲ್ಲಿ ಒಬ್ಬಿಬ್ಬರು ವೃದ್ಧರು ಮಾತ್ರ. ಅವರು ಹೋದ ಮೇಲೆ ಆಕೆಯೂ ‘ಯಾರೋ ಒಬ್ಬಳು’ ಆಗುತ್ತಾಳೆ.

ಆದುದರಿಂದ ವಿದ್ಯಾವಂತರಾದ ಗೃಹಸ್ಥರು ಮಾಡಬಹುದಾದ ಕೆಲಸವೊಂದುಂಟು. ಮನೆಯ ಹಿರಿಯರನ್ನು ಕೂರಿಸಿಕೊಂಡು, ಹಳೆಯ ಪಟಗಳನ್ನು ಒಂದೊಂದಾಗಿ ತೆಗೆದು, ಹಿಂಬದಿಯಲ್ಲಿ ಮೃದುವಾದ ಸೀಸದ ಕಡ್ಡಿಯಿಂದ ಹೆಸರು, ಊರು, ವರ್ಷಗಳನ್ನು ಬರೆದಿಡುವುದು. ಅಂಚಿನಲ್ಲಿ ನಿಂತವರ ಹೆಸರನ್ನು ಮೊದಲು ಕೇಳುವುದು. ಮೊಬೈಲಿನಲ್ಲಿ ಕೂಡಿಬಿದ್ದಿರುವ ಸಾವಿರಾರು ಪಟಗಳಲ್ಲಿ ವರ್ಷಕ್ಕೆ ಹತ್ತನ್ನಾದರೂ ಆರಿಸಿ ಕಾಗದದ ಮೇಲೆ ಅಚ್ಚುಹಾಕಿಸಿ, ಅವಕ್ಕೂ ಹೀಗೆಯೇ ಮಾಡುವುದು. ಇದಕ್ಕೆ ಹಣವು ಹೆಚ್ಚು ಬೇಡ. ಒಂದೆರಡು ಸಂಜೆಗಳು ಸಾಕು. ಹಿರಿಯರ ನೆನಪು ಗಟ್ಟಿಯಾಗಿರುವಾಗಲೇ ಇದು ಆಗಬೇಕು.